ಬೊಳ್ಳುವಿನ ತಲೆಗೆ ಕಟ್ಟಿದ್ದು

ಕಾಶೀನಾಥ ಟವೆಲನ್ನು ಸೊಂಟಕ್ಕೆ ಬಿಗಿದು, ಮಂಡಿಯೂರಿ, ಅಣ್ಣನ ಶವವಿದ್ದ ಫ್ರೀಜರ್ ಪೆಟ್ಟಿಗೆಯ ಅಡಿಗೆ ಕೈ ತೂರಿಸಿ ಬೆಕ್ಕನ್ನು ಎಳೆಯುತ್ತಿದ್ದರು. ಕಾಸರಗೋಡಿನಿಂದ ಬೆಳಗಿನ ರೈಲಿನಲ್ಲಿ ಬಂದವರು ಅತ್ತು ಮುಗಿಸುವ ಮೊದಲೇ ಈ ಕೆಲಸಕ್ಕೆ ಇಳಿಯಬೇಕಾಗಿತ್ತು. ಬೆಕ್ಕು ಹೊರಗೆ ಬರಲೊಲ್ಲದು, ಅವರ ಮಂಡಿ ಮೇಲೇಳಲೊಲ್ಲದು.

“ಅತ್ತಿಗೆ, ಇದನ್ನು ಎಲ್ಲಿಯಾದ್ರೂ ಕೂಡಿ ಹಾಕಿ. ಹೆಣದ ಮೇಲೆ ಬೆಕ್ಕು ಹಾರ್ಬಾರ್ದು ಅಂತ ಅಜ್ಜಿ ಹೇಳ್ತಿದ್ರಲ್ಲ.”

“ಅದಕ್ಕೆ ಮಂಚ ಹತ್ಲಿಕ್ಕೇ ಆಗುದಿಲ್ಲ. ಇನ್ನು ಹಾರುದು ಎಲ್ಲಿಂದ?” ಎಂದರು ಜಲಜಾ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಯಾರೂ ಗಮನಿಸಿದಂತಿರಲಿಲ್ಲ. ಮಗಳು ಅಪರ್ಣಾ ಫೋನಿನಲ್ಲಿದ್ದಳು. ಪಕ್ಕದ ಫ್ಲ್ಯಾಟಿನ ಕಮಲ ಬಂದವರಿಗೆ ಹಾಲಿಲ್ಲದ ಕಟ್ಟನ್ ಚಾಯ ಹಂಚುತ್ತಿದ್ದಳು. ಗಾಜಿನೊಳಗೆ ವಿಠಲರಾಯರು ಮಾತ್ರ ಎಲ್ಲ ಕೇಳಿಸಿಕೊಂಡವರಂತೆ ಹುಬ್ಬು ಗಂಟಿಕ್ಕಿ ಮಲಗಿದ್ದರು. ಬೆಳಿಗ್ಗೆ ಆ ಹುಬ್ಬು ಹಾಗಿರಲಿಲ್ಲ ಎಂದು ಜಲಜಾಗೆ ಅನಿಸಿತು.

ಅವರು ಬಗ್ಗಿ ಕರೆದ ಮೇಲೆ ಬೊಳ್ಳು ತಾನೇ ಬಂತು. ಹಿಂದೆ ಹತ್ತಿಯ ಮೂಟೆಯಂತಿದ್ದ ಬಿಳಿ ಬೆಕ್ಕು ಈಗ ಚರ್ಮ ಹೊದ್ದ ಎಲುಬು. ಅದನ್ನು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಬಿಟ್ಟು ಬರುವಾಗ ಅಪರ್ಣಾ ಎದುರಾದಳು.

“ಅಮ್ಮ, ಬೆಕ್ಕಿನ ಡಾಕ್ಟರ್ ವಿನ್ಸೆಂಟ್ ಹತ್ರ ಮಾತಾಡಿದೆ. ಎಲ್ಲ ಮುಗಿದ ಮೇಲೆ ಸಂಜೆ ಬರ್ತಾರೆ. ಒಂದು ಇಂಜೆಕ್ಷನ್. ಬೊಳ್ಳುಗೆ ಗೊತ್ತೂ ಆಗುದಿಲ್ಲ.”

“ಇವತ್ತಾ?”

“ಮತ್ತೆ ಯಾವಾಗ? ಅದರ ಕಿಡ್ನಿ ಎರಡೂ ಹೋಗಿದೆ. ಮೂರು ವರ್ಷದಿಂದ ನೀನು ಅದು ಒದ್ದೆ ಮಾಡಿದ ಚಾದರ ಒಗೀತಾ ಇದ್ದಿ. ಅಪ್ಪ ಅದೇ ಹಾಸಿಗೆಯಲ್ಲಿ ಮಲಗ್ತಿದ್ರು. ಅವರಿಗೆ ಮೂತ್ರದ ಸೋಂಕು ಎಲ್ಲಿಂದ ಬಂತು ಹೇಳು?” ಅಪರ್ಣಾ ಬಾಲ್ಕನಿಯ ಬಾಗಿಲನ್ನು ಎಳೆದು ಮುಚ್ಚಿದಳು. “ಇನ್ನು ನಂಗೆ ಅದರ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಮ್ಮ.”

*

ವಿಠಲರಾಯರು ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ಉಗ್ರಾಣದಲ್ಲಿ ದುಡಿದು ನಿವೃತ್ತರಾದವರು. ರಾಕೆಟ್ಟು ಹಾರಿದ ದಿನ ಊರಿನವರು ಅವರಿಗೇ ಫೋನ್ ಮಾಡಿ ಅಭಿನಂದಿಸುತ್ತಿದ್ದರು. ತಾನು ಕೈಗವಸು, ತಿರುಪು ಎತ್ತಿ ಕೊಡುವವನು ಎಂದು ತಿದ್ದಲು ಅವರೂ ಹೋಗುತ್ತಿರಲಿಲ್ಲ. ಮನೆಯೊಳಗೂ ಇಸ್ತ್ರಿ ಮಾಡಿದ ಅಂಗಿಯೇ ಆಗಬೇಕು. ಚಾದರದಲ್ಲಿ ಸುಕ್ಕು ಕಂಡರೆ ರಾತ್ರಿ ನಿದ್ದೆ ಇಲ್ಲ. ಅಂಥವರ ಕ್ವಾರ್ಟರ್ಸಿನ ಸ್ಕೂಟರ್ ಅಡಿಯಲ್ಲಿ ಮರಿಯಾಗಿ ಸಿಕ್ಕಿದ್ದು ಬೊಳ್ಳು. ಮಗಳಿಗೆ ಹತ್ತಿರವಾಗಲಿ ಎಂದು ಕೊಚ್ಚಿಗೆ, ಈ ಪಾಲಾರಿವಟ್ಟಂನ ಬಾಡಿಗೆ ಫ್ಲ್ಯಾಟಿಗೆ ಬಂದಾಗ ಅದನ್ನೂ ಬುಟ್ಟಿಯಲ್ಲಿಟ್ಟು ರೈಲಿನಲ್ಲಿ ತಂದರು.

ಬಂದ ಮೇಲೆ ಬೊಳ್ಳು ಎಷ್ಟು ನೀರು ಕುಡಿದರೂ ಸಾಲದು ಎನ್ನತೊಡಗಿತು. ಮರಳಿನ ಟ್ರೇಯೊಳಗೆ ಮುಂಗಾಲಿಟ್ಟು, ಹಿಂಗಾಲು ಹೊರಗುಳಿದು, ಎಲ್ಲವನ್ನೂ ನೆಲಕ್ಕೇ ಸುರಿಯುತ್ತಿತ್ತು. ಜಲಜಾ ಸುತ್ತ ಪೇಪರ್ ಹಾಸಿದರು. ಚರ್ಮದಡಿ ಸಲೈನ್ ಕೊಡುವುದನ್ನು ಡಾಕ್ಟರಿಂದ ಕಲಿತರು. ಬಾಟಲಿ ಕಿಟಕಿಯ ಸರಳಿಗೆ, ಬೆಕ್ಕು ರಾಯರ ಮಡಿಲಿಗೆ.

ಅದೇ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಪರ್ಣಾ ಕಳಮಶ್ಶೇರಿಯ ತನ್ನ ಮನೆಯಿಂದ ಹೇಳದೆ ಕೇಳದೆ ಬಂದಳು. ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು. ಮಂಚದ ನಡುವೆ ಒದ್ದೆ. ಅದರ ಪಕ್ಕ ವಿಠಲರಾಯರು, ಪಂಚೆಯನ್ನು ಮುದ್ದೆ ಮಾಡಿ ಹಿಡಿದು ಗೋಡೆ ನೋಡುತ್ತಿದ್ದರು. ಅಷ್ಟು ಸಣ್ಣವರಾಗಿ ಗಂಡನನ್ನು ಜಲಜಾ ನೋಡಿರಲಿಲ್ಲ.

“ಬೊಳ್ಳು ಮಾಡಿದ್ದು” ಎಂದುಬಿಟ್ಟರು.

ರಾಯರು ತಿರುಗಿ ಹೆಂಡತಿಯನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಎಲ್ಲೆಂದ್ರಲ್ಲಿ ಮಾಡ್ತದೆ ಮಾರಾಯ್ತಿ, ಇದಕ್ಕೆ ಬುದ್ಧಿಯೇ ಇಲ್ಲ” ಎಂದು ಮಗಳಿಗೆ ದೂರು ಹೇಳಿದರು.

ಅಂದಿನಿಂದ ಅದು ಮನೆಯ ಸತ್ಯವಾಯಿತು. ಗಂಡ ಹೆಂಡತಿ ಇಬ್ಬರೇ ಇದ್ದಾಗಲೂ ಅವರು ಬೇರೆ ಮಾತಾಡಲಿಲ್ಲ. ಒಮ್ಮೆ ಮಾತ್ರ, ಸಲೈನ್ ಇಳಿಯುತ್ತಿದ್ದಾಗ, ರಾಯರು ಬೆಕ್ಕಿನ ಕಿವಿಯ ಹತ್ತಿರ ಬಾಗಿ, “ನೀನು ಬೇಜಾರು ಮಾಡ್ಕೊಳ್ಬೇಡ” ಎಂದದ್ದನ್ನು ಜಲಜಾ ಕೇಳಿದ್ದರು.

*

ಮಧ್ಯಾಹ್ನ ಗಂಡಸರು ಶವವನ್ನು ಎತ್ತಿಕೊಂಡು ಹೋದರು. ಹೆಂಗಸರು ಶ್ಮಶಾನಕ್ಕೆ ಹೋಗುವ ರೂಢಿ ಅವರಲ್ಲಿರಲಿಲ್ಲ. ಬಾಡಿಗೆಯವರು ಬಂದು ಫ್ರೀಜರ್ ಪೆಟ್ಟಿಗೆಯನ್ನೂ ಒಯ್ದರು. ಆದರೆ ಅದರ ಗುಂಯ್ ಎನ್ನುವ ಸದ್ದು ಹೋಗಲಿಲ್ಲ. ಜಲಜಾ ಫ್ರಿಜ್ ಇರಬಹುದೆಂದು ಸ್ವಿಚ್ ಆರಿಸಿದರು. ಸದ್ದು ಹಾಗೇ ಇತ್ತು.

“ನಿಂಗೆ ಕೇಳ್ತಾ ಉಂಟಾ?”

“ಎಂತದು?” ಎಂದಳು ಅಪರ್ಣಾ. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಬಾಲ್ಕನಿಯಿಂದ ಬಿಟ್ಟ ಬೊಳ್ಳು ತೊಳೆದ ನೆಲದ ನಡುವೆ ಕೂತಿತು. ಮಲಗುವ ಕೋಣೆಯ ಬಾಗಿಲನ್ನು ನೋಡಿತು. ನೋಡುತ್ತ ನೋಡುತ್ತ ಅದರ ತಲೆ ನಿಧಾನವಾಗಿ ಬಚ್ಚಲಿನ ಕಡೆಗೆ ತಿರುಗತೊಡಗಿತು, ಯಾರೋ ಗೋಡೆ ಹಿಡಿದುಕೊಂಡು ನಡೆದು ಹೋಗುತ್ತಿರುವ ಹಾಗೆ. ಅರ್ಧ ದಾರಿಯಲ್ಲಿ ಆ ಕಣ್ಣು ನಿಂತಿತು. ರಾಯರು ತಡವಾಯಿತೆಂದು ತಿಳಿದು ನಿಂತುಬಿಡುತ್ತಿದ್ದ ಜಾಗವೇ ಅದು. ಜಲಜಾ ಹೆದರಿದರು. ಆದರೂ ಕೈ ತಾನಾಗಿ ನೆಲದ ಬಟ್ಟೆಯನ್ನು ಹುಡುಕಿತು.

*

ಸಾಯುವ ಎರಡು ದಿನ ಮೊದಲು ಜ್ವರಕ್ಕೆಂದು ಕ್ಲಿನಿಕ್ಕಿಗೆ ಹೋಗಿದ್ದರು. ಮೂತ್ರಕ್ಕೆ ಏನಾದರೂ ತೊಂದರೆ ಇದೆಯೇ ಎಂದು ಡಾಕ್ಟರು ಕೇಳಿದರು. ರಾಯರು “ಒನ್ನುಮಿಲ್ಲ”, ಏನೂ ಇಲ್ಲ ಎಂದು ಸ್ಪಷ್ಟ ಮಲಯಾಳದಲ್ಲಿ ಹೇಳಿ, ಮೇಜಿನಡಿಯಲ್ಲಿ ಹೆಂಡತಿಯ ಬೆರಳುಗಳನ್ನು ಹಿಚುಕಿದರು. ಜಲಜಾ ಸುಮ್ಮನಿದ್ದರು. ಡಾಕ್ಟರು ಜ್ವರದ ಮಾತ್ರೆಯಷ್ಟೇ ಬರೆದರು; ಮೂತ್ರದ ಸೋಂಕೆಂದು ಗೊತ್ತಾದದ್ದು ಸತ್ತ ಮೇಲೆ ಕೈಗೆ ಬಂದ ಪರೀಕ್ಷೆಯ ವರದಿಯಿಂದ. ಬಾಯಿ ಬಿಟ್ಟಿದ್ದರೆ ಅವರು ಬದುಕುತ್ತಿದ್ದರೇನೋ. ಈ ಪ್ರಶ್ನೆ ನಿನ್ನೆಯಿಂದ ಅವರ ಬೆನ್ನು ಬಿಟ್ಟಿರಲಿಲ್ಲ.

ನಿನ್ನೆ ಬೆಳಕು ಹರಿಯುವಾಗ ರಾಯರ ಉಸಿರು ನಿಂತಿತ್ತು. ಜಲಜಾ ಕೂಡಲೇ ಮಗಳಿಗೆ ಫೋನ್ ಮಾಡಲಿಲ್ಲ. ಮೊದಲು ಬಿಸಿನೀರು ತಂದರು. ಒರೆಸಿ, ಪಂಚೆ ಬದಲಿಸಿ, ಚಾದರ ಎಳೆದು ಸುಕ್ಕು ತೆಗೆದರು. ಒದ್ದೆಯದನ್ನು ಮೆಷಿನ್ನಿಗೆ ಹಾಕಿ, ಅದು ತಿರುಗತೊಡಗಿದ ಮೇಲೆ ಗಂಡನ ಎದೆಯ ಮೇಲೆ ಬಿದ್ದು ಅತ್ತರು.

*

“ಡಾಕ್ಟರ್ ಹೊರಟ್ರಂತೆ” ಎಂದಳು ಅಪರ್ಣಾ.

ಜಲಜಾ ಬಾಟಲಿಯನ್ನು ಸರಳಿಗೆ ಸಿಕ್ಕಿಸಿ, ಬೊಳ್ಳುವನ್ನು ತಾವೇ ಮಡಿಲಿಗೆ ಹಾಕಿಕೊಂಡು ಸೂಜಿ ಚುಚ್ಚಿದ್ದರು.

“ಇನ್ನು ಯಾಕಮ್ಮ ಅದೆಲ್ಲ?”

“ಇವತ್ತಿನದ್ದು ಕೊಟ್ಟಿರ್ಲಿಲ್ಲ.”

ಅಪರ್ಣಾ ಎದುರಿಗೆ ಕೂತು ಬೆಕ್ಕಿನ ಹಿಂಗಾಲನ್ನು ನೋಡಿದಳು. ಎರಡೂ ಕಾಲು ಜೋತು ಬಿದ್ದಿದ್ದವು. ಅವಳ ಮುಖದಲ್ಲಿ ಏನೋ ಬದಲಾಯಿತು.

“ಅಮ್ಮ, ಬೆಳಿಗ್ಗೆ ನೀನು ಚಿಕ್ಕಪ್ಪನ ಹತ್ರ ಎಂತ ಹೇಳಿದ್ದು? ಇದಕ್ಕೆ ಮಂಚ ಹತ್ಲಿಕ್ಕೇ ಆಗುದಿಲ್ಲ ಅಂತ ಅಲ್ವಾ?”

ಜಲಜಾ ಬಾಟಲಿಯಲ್ಲಿ ಇಳಿಯುತ್ತಿದ್ದ ಹನಿಯನ್ನು ನೋಡಿದರು.

“ಮತ್ತೆ ಹಾಸಿಗೆ ಒದ್ದೆ ಮಾಡಿದ್ದು ಯಾರು?”

ಗುಂಯ್ ಸದ್ದು ಹತ್ತಿರ ಬಂತು. ಮಲಗುವ ಕೋಣೆಯ ಬಾಗಿಲ ಮರೆಯಲ್ಲಿ ರಾಯರು ನಿಂತಿದ್ದಾರೆ, ಅಂಗಿಯ ಅಂಚನ್ನು ಎಳೆದು ಸರಿಮಾಡಿಕೊಳ್ಳುತ್ತಿದ್ದಾರೆ ಎಂದು ತಿರುಗದೆಯೇ ಗೊತ್ತಾಯಿತು. ನಿಜ ಹೇಳಿದರೆ, ಇನ್ನೂ ಚಿತೆ ಆರದ ಮನುಷ್ಯನ ಮಾನವನ್ನು ಮಗಳ ಮುಂದೆ ಹರವಿದಂತೆ. ಸುಮ್ಮನಿದ್ದರೆ ಡಾಕ್ಟರು ಬರುತ್ತಾರೆ. ಮಡಿಲಲ್ಲಿ ಬೊಳ್ಳುವಿನ ಉಸಿರು ಮೇಲೆ ಕೆಳಗೆ ಆಡುತ್ತಿತ್ತು.

“ನಾನು” ಎಂದರು ಜಲಜಾ.

“ಎಂತ ನೀನು?”

“ನಂಗೆ ಗೊತ್ತಾಗುದಿಲ್ಲ, ನಿದ್ದೆಯಲ್ಲಿ ಆಗಿ ಹೋಗ್ತದೆ. ಹೇಳ್ಲಿಕ್ಕೆ ನಾಚಿಕೆ ಆಯ್ತು. ಪಾಪದ ಬೆಕ್ಕಿನ ತಲೆಗೆ ಕಟ್ಟಿದೆ.”

ಅಪರ್ಣಾ ಬೆಕ್ಕಿನ ಜೋತ ಕಾಲುಗಳನ್ನು ಎತ್ತಿ ತಾಯಿಯ ಮಡಿಲಿಗೆ ಸೇರಿಸಿದಳು. ಆಮೇಲೆ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. “ವೇಂಡ ಡಾಕ್ಟರ್, ಇಪ್ಪೋ ವೇಂಡ” ಎಂದು ಬರುವುದು ಬೇಡ ಎನ್ನುವುದು ಕೇಳಿಸಿತು. ಬಂದವಳು ತಾಯಿಯ ಕಾಲ ಬಳಿ ನೆಲದಲ್ಲೇ ಕೂತಳು.

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವರು ಎಂತ ಹೇಳ್ತಿದ್ರು?”

“ಒಂದು ದಿನವೂ ಬೇಜಾರು ಮಾಡ್ಲಿಲ್ಲ” ಎಂದರು ಜಲಜಾ. “ಎಷ್ಟೋ ಸಲ ಚಾದರ ಅವರೇ ತೆಗೆದು ಹಾಕ್ತಿದ್ರು.”

“ನನ್ನ ಅಪ್ಪ” ಎಂದಳು ಅಪರ್ಣಾ. ನಿನ್ನೆಯಿಂದ ಗಟ್ಟಿಯಾಗಿ ನಿಂತು ಎಲ್ಲ ವ್ಯವಸ್ಥೆ ಮಾಡಿದ್ದ ಹುಡುಗಿ ತಾಯಿಯ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅವಳ ಕೂದಲನ್ನು ಸವರುತ್ತ ಜಲಜಾ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಸದ್ದೂ ನಿಂತಿತ್ತು.

ಅತ್ತು ಮುಗಿದ ಮೇಲೆ ಅಪರ್ಣಾ ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ಬಂದಳು. ತಾಯಿಯ ಮಂಚಕ್ಕೆ ರಬ್ಬರ್ ಶೀಟ್ ಹಾಸಿದಳು. ಗಂಡಸರು ಬರುವ ಮೊದಲು ಒಮ್ಮೆ ಹೋಗಿ ಬಂದುಬಿಡು ಎಂದು ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು.

“ಚಿಲಕ ಹಾಕ್ಬೇಡ ಅಮ್ಮ. ನಾನು ಇಲ್ಲೇ ನಿಂತಿದ್ದೇನೆ. ಅರ್ಜೆಂಟ್ ಮಾಡ್ಬೇಡ.”

ಜಲಜಾ ಕೂತರು. ಬೆಳಿಗ್ಗೆಯಿಂದ ಒಂದು ಲೋಟ ಚಾಯ ಬಿಟ್ಟರೆ ಏನೂ ಕುಡಿದಿರಲಿಲ್ಲ. ಬಾಗಿಲ ಸಂದಿಯಲ್ಲಿ ಮಗಳ ಕಾಲ್ಬೆರಳುಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತು ಕಾದರು, ಏನೂ ಬರಲಿಲ್ಲ. ಆಮೇಲೆ ಸದ್ದಾಗದಂತೆ ಬಕೆಟ್ಟಿನಲ್ಲಿ ಮಗ್ಗು ಮುಳುಗಿಸಿ, ಮೊಣಕಾಲುಗಳ ನಡುವೆ ಹಿಡಿದು, ಮಗಳಿಗೆ ಕೇಳುವಂತೆ ಸಣ್ಣ ಎಳೆಯಾಗಿ ನೀರು ಬಿಡತೊಡಗಿದರು.