ಮಿಸ್ಟರ್ ಕಮಲವ್ವನ ದಾನ

ದ್ವಾರಕಾನಾಥ ಕಮಲವ್ವನ ಸಹಿಯನ್ನು ತಾನೇ ಹಾಕಿ ಅವಳ ಕಾರನ್ನು ದಾನ ಮಾಡಿದ.

ಆ ಹೊತ್ತಿಗೆ ಕಮಲವ್ವ ಅಲ್ಲೇ, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಸಭಾಭವನದ ಅಡುಗೆಮನೆಯಲ್ಲಿದ್ದಳು. ಕನ್ನಡ ಬಳಗದ ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಬೇಯಿಸುತ್ತಿದ್ದಳು. ಹೂರಣ, ಕಣಕ, ಎರಡು ದೊಡ್ಡ ಪಾತ್ರೆ ಕಟ್ಟಿನ ಸಾರು, ಎಲ್ಲವನ್ನೂ ತಾನಿರುವ ಲಿವರ್‌ಮೋರಿನಿಂದ ಅದೇ ಕಾರಿನಲ್ಲಿ ತಂದಿದ್ದಳು. ಸಾರು ಚೆಲ್ಲದಿರಲಿ ಎಂದು ಪಾತ್ರೆಗಳಿಗೆ ಸೀಟ್ ಬೆಲ್ಟ್ ಹಾಕಿದ್ದಳು. ಹೀಗಾಗಿ ದಾನದ ವಸ್ತು ತಾನಾಗಿಯೇ ದಾನದ ಜಾಗಕ್ಕೆ ಬಂದು ನಿಂತಿತ್ತು.

"ನೋಡು, ದೇವರೇ ತಂದು ನಿಲ್ಲಿಸಿದಾನೆ," ಎಂದು ದ್ವಾರಕಾನಾಥ ಹೆಂಡತಿ ನಿರುಪಮಾಗೆ ಹೇಳಿದ.

ಕಾರು ಕಮಲವ್ವನದಾದದ್ದು ಹೀಗೆ. ಐದು ವರ್ಷದ ಹಿಂದೆ ದ್ವಾರಕಾನಾಥನ ಬಡಾವಣೆಯ ಸಂಘದವರು ಮನೆಗೆ ಎರಡೇ ಕಾರು ಎಂದು ನೋಟಿಸು ಹಚ್ಚಿದರು. ಅವನ ಬಳಿ ಮೂರಿದ್ದವು. ಮೂರನೆಯದಾದ ಹಳೇ ಕ್ಯಾಮ್ರಿಯನ್ನು ಯಾರೂ ಕೇಳಲಿಲ್ಲ. ಅದನ್ನು ಅಡುಗೆಯ ಕಮಲವ್ವನ ಹೆಸರಿಗೆ ಮಾಡಿಸಿದ. ಇಲ್ಲೊಂದು ಸೈನ್ ಹಾಕಿ ಎಂದ, ಹಾಕಿದಳು. ಅಂದಿನಿಂದ ಟೈರು, ಬ್ಯಾಟರಿ, ಇನ್ಶೂರೆನ್ಸು, ಹೊಗೆ ತಪಾಸಣೆ ಎಲ್ಲವೂ ಅವಳದು. ಒಡೆತನದ ಕಾಗದ, ಈ ಊರವರು ಟೈಟಲ್ ಎನ್ನುವುದು, ಮಾತ್ರ ಅವನ ಕಪಾಟಿನಲ್ಲಿ ಉಳಿಯಿತು. ಅವಳ ಹತ್ತಿರ ಇದ್ದರೆ ಕಳೆದುಹೋಗುತ್ತದಂತೆ.

ಕಮಲವ್ವ ಗದಗಿನವಳು. ಮಗಳ ಜೊತೆ ಈ ದೇಶಕ್ಕೆ ಬಂದವಳು, ಐವತ್ತಮೂರನೇ ವಯಸ್ಸಿನಲ್ಲಿ, ನಾಲ್ಕನೇ ಸಲಕ್ಕೆ, ಡ್ರೈವಿಂಗ್ ಟೆಸ್ಟು ಪಾಸು ಮಾಡಿದಳು. ಈಗ ದಿನಕ್ಕೆ ಆರು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಆರೂ ಗುಡ್ಡದ ಮೇಲಿನ ಮನೆಗಳು. ಅಲ್ಲಿಗೆ ಬಸ್ಸು ಹತ್ತುವುದಿಲ್ಲ. ಕಾರಿಲ್ಲದ ಮಾರನೇ ದಿನ ಅವಳಿಗೆ ಕೆಲಸವಿಲ್ಲ. ಇದು ದ್ವಾರಕಾನಾಥನಿಗೆ ಚೆನ್ನಾಗಿ ಗೊತ್ತು. ಆರರಲ್ಲಿ ಒಂದು ಮನೆ ಅವನದೇ.

ಬಳಗ ಈ ವರ್ಷ 'ದುಡಿಯುವ ಮಹಿಳೆಗೊಂದು ವಾಹನ' ಎಂಬ ಯೋಜನೆ ಹೊರಡಿಸಿತ್ತು. ಕಾರು ಕೊಟ್ಟವರಿಗೆ ಮೈಸೂರು ಪೇಟ, ಶಾಲು, ವೇದಿಕೆಯ ಮೇಲೆ ಎರಡು ಮಾತು. ದ್ವಾರಕಾನಾಥನಿಗೆ ಪೇಟದ ಮೇಲೆ ಬಹಳ ದಿನದಿಂದ ಮನಸ್ಸಿತ್ತು. ಆದರೆ ತನ್ನ ಎರಡು ಕಾರುಗಳನ್ನು ಕೊಡುವ ಹಾಗಿರಲಿಲ್ಲ. ಅವು ಬೇಕಾಗಿದ್ದವು.

ಕಾರು ಒಯ್ಯಲು ಬರುವ ಟ್ರಕ್ಕನ್ನು ಆನ್‌ಲೈನಿನಲ್ಲಿ ಬುಕ್ ಮಾಡುವಾಗ ಮಾಲೀಕರ ಹೆಸರು ಎಂಬ ಜಾಗದಲ್ಲಿ ಟೈಟಲ್ಲಿನಲ್ಲಿದ್ದ ಹೆಸರನ್ನೇ ಬರೆದ. ಹಾಗೆ ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಟ್ರಕ್ಕಿನವನು ಬಂದು, ಬಳಗದವರು ಆಗಲೇ ತೊಡಿಸಿದ್ದ ಜರಿಪೇಟದಲ್ಲಿ ನಿಂತವನ ಕೈ ಕುಲುಕಿ, "ಮಿಸ್ಟರ್ ಕಮಲವ್ವ?" ಎಂದು ಕೇಳಿದ.

"ಯೆಸ್," ಎಂದ ದ್ವಾರಕಾನಾಥ.

ಟ್ರಕ್ಕಿನವನಿಗೆ ಅವಸರ. ಕಾಗದ ಆಮೇಲೆ ನೋಡಿದರಾಯಿತು ಎಂದು ಮೊದಲು ಕಾರಿನ ಮುಂದಿನ ಎರಡು ಚಕ್ರ ಎತ್ತಿ ನಿಲ್ಲಿಸಿದ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ಬಳಗದ ಪುರೋಹಿತ ಜಯರಾಮ್ ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದ. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಅವನಿಗೆ ಯಾವ ಹೆಜ್ಜೆಯನ್ನೂ ಬಿಡುವುದು ಆಗದು.

"ಸಾರ್, ಹಾಗೇ ಕೊಟ್ರೆ ಅದು ದಾನ ಅಲ್ಲ, ಡ್ರಾಪ್-ಆಫು. ಧಾರೆ ಎರೀಬೇಕು. ಗೋದಾನದಲ್ಲಿ ಬಾಲ ಹಿಡ್ಕೊಂಡು ಕೊಡ್ತೀವಿ ನೋಡಿ, ಹಾಗೆ."

"ಕಾರಿಗೆಲ್ಲಿಂದ ತರೋಣ್ರೀ ಬಾಲ?"

ಜಯರಾಮ್ ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಸೈಲೆನ್ಸರಿನ ಕೊಳವೆ ತೋರಿಸಿದ.

ಮುಂಭಾಗ ಎತ್ತಿದ್ದರಿಂದ ಹಿಂಭಾಗ ನೆಲಕ್ಕೆ ತಗ್ಗಿತ್ತು. ಇನ್ನೂರು ಜನ ಫೋನು ಎತ್ತಿ ಹಿಡಿದರು. ರೇಷ್ಮೆ ಪಂಚೆ, ಪೇಟ, ಶಾಲಿನ ದ್ವಾರಕಾನಾಥ ಕುಕ್ಕರಗಾಲಲ್ಲಿ ಕೂತು ಎಡಗೈಯಲ್ಲಿ ಸೈಲೆನ್ಸರ್ ಹಿಡಿದ. ಬಲಗೈಯ ತಟ್ಟೆಯಲ್ಲಿ ವೀಳ್ಯದೆಲೆ, ತುಳಸಿ, ಅದರ ಮೇಲೆ ಟೈಟಲ್ಲು. ಬಳಗದ ಪರವಾಗಿ ಜಯರಾಮ್ ಕೈ ಒಡ್ಡಿದ. ನಿರುಪಮಾ ಬೆಳ್ಳಿ ಚೊಂಬಿನಿಂದ ನೀರು ಬಿಟ್ಟಳು. ಜಯರಾಮ್ ಮಂತ್ರ ದೀರ್ಘ ಮಾಡಿದ ಹಾಗೆ ಅವಳೂ ನೀರು ದೀರ್ಘ ಮಾಡಿದಳು. ಚಪ್ಪಾಳೆ ಬಿತ್ತು.

ಟ್ರಕ್ಕಿನವನು ತಟ್ಟೆಯಿಂದ ಕಾಗದ ಎತ್ತಿ ಹಿಡಿದ. ನೀರು ತೊಟ್ಟಿಕ್ಕಿತು. ಶುಭಕಾರ್ಯಕ್ಕೆ ಬಾಲ್ ಪೆನ್ನು ಬೇಡವೆಂದು ದ್ವಾರಕಾನಾಥ ಸಹಿಯನ್ನು ಇಂಕ್ ಪೆನ್ನಿನಲ್ಲಿ ಹಾಕಿದ್ದ. ಸಹಿಯ ಜಾಗದಲ್ಲೀಗ ಒಂದು ನೀಲಿ ಕಲೆ ಇತ್ತು. ಅದಕ್ಕೊಂದು ತುಳಸಿ ಎಲೆ ಅಂಟಿತ್ತು.

"ಇದು ನಡೆಯೋದಿಲ್ಲ, ಮಿಸ್ಟರ್ ಕಮಲವ್ವ," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. "ಕಾಗದ ಹಾಳಾಗಿದೆ. ಹೊಸದಕ್ಕೆ ಅರ್ಜಿ ನನ್ನ ಹತ್ರ ಇದೆ. ಇಲ್ಲೇ ನನ್ನೆದುರು ಸಹಿ ಹಾಕಿ. ಲೈಸೆನ್ಸ್ ತೋರಿಸಿ."

"ಯಾರ್ರೀ ಮಿಸ್ಟರ್ ಕಮಲವ್ವ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ನಗು ಹರಡಿತು. ದ್ವಾರಕಾನಾಥನ ಕೈ ಜೇಬಿಗೆ ಹೋಗಿ ಖಾಲಿ ಬಂತು. ಟ್ರಕ್ಕಿನವನಿಗೆ ಕಾದು ಸಾಕಾಯಿತು. "ಕಮಲವ್ವ! ಕಮಲವ್ವ ಯಾರಿಲ್ಲಿ?" ಎಂದು ಪಾರ್ಕಿಂಗ್ ಲಾಟಿಗೆಲ್ಲ ಕೇಳುವಂತೆ ಕೂಗಿದ.

ಅಡುಗೆಮನೆಯ ಬಾಗಿಲು ತೆರೆಯಿತು.

"ಯಾರ್ರೀ ಕರದಾವ್ರು? ಹೋಳಿಗಿ ಹೆಂಚಿನ ಮ್ಯಾಲೈತಿ, ಲಗೂನ ಹೇಳ್ರಿ," ಎನ್ನುತ್ತ ಕಮಲವ್ವ ಹೊರಬಂದಳು. ಮೊಣಕೈವರೆಗೆ ಮೈದಾ ಹಿಟ್ಟು. ಕಾರು ನೋಡಿದಳು. ಅದರ ಮೂತಿ ಆಕಾಶಕ್ಕಿತ್ತು, ಕೊರಳಲ್ಲಿ ಸೇವಂತಿಗೆ ಹಾರವಿತ್ತು.

"ನನ್ ಗಾಡಿಗೆ ಏನಾತ್ರಿ ಸಾಹೇಬ್ರ? ಯಾರರ ಗುದ್ದಿದ್ರೇನು?"

"ಏನೂ ಆಗಿಲ್ಲ ಕಮಲವ್ವ. ಗಾಬರಿ ಆಗ್ಬೇಡಿ. ದಾನ ಕೊಟ್ವಿ."

"ಯಾರು ಕೊಟ್ರು?"

ದ್ವಾರಕಾನಾಥ ಪೇಟ ಸರಿಮಾಡಿಕೊಂಡ. "ಒಂಥರಾ ನೀವೇ ಕೊಟ್ಟ ಹಾಗೆ. ನಿಮ್ಮ ಪರವಾಗಿ ನಾನು."

"ಹೌದಾ? ಮತ್ತ ನನಗ ಗೊತ್ತ ಇಲ್ಲಲ್ರಿ, ನಾ ಕೊಟ್ಟಿದ್ದು!"

"ಸರ್‌ಪ್ರೈಸ್ ಇರ್ಲಿ ಅಂತ," ಎಂದಳು ನಿರುಪಮಾ. "ನಿಮ್ಮನ್ನೂ ಸ್ಟೇಜ್ ಮೇಲೆ ಕರೀತಿದ್ವಿ ಕಮಲವ್ವ. ಊಟ ಆದ್ಮೇಲೆ. ಪಾತ್ರೆ ಎಲ್ಲಾ ಆದ್ಮೇಲೆ."

ಟ್ರಕ್ಕಿನವನು ಒಮ್ಮೆ ಪೇಟದವನನ್ನೂ ಒಮ್ಮೆ ಹಿಟ್ಟಿನ ಕೈಯವಳನ್ನೂ ನೋಡಿ, ಅರ್ಜಿಯನ್ನು ಅವಳತ್ತ ಚಾಚಿದ. ಈಗ ಎಲ್ಲರೂ ಕಮಲವ್ವನ ಕಡೆ ತಿರುಗಿದರು. ಅಲ್ಲಿಯವರೆಗೆ ಅವಳ ಹೋಳಿಗೆಯ ವಾಸನೆಯಷ್ಟೇ ಅವರಿಗೆ ಗೊತ್ತಿತ್ತು.

"ಒಂದೇ ಒಂದು ಸೈನು, ಕಮಲವ್ವ," ದ್ವಾರಕಾನಾಥ ಪೆನ್ನು ಹಿಡಿದ. "ಫಾರ್ಮಾಲಿಟಿ ಅಷ್ಟೆ."

"ನಾಳಿ ಮುಂಜಾನೆ ನಿಮ್ಮನಿಗೆ ಏಳಕ್ಕ ಹೆಂಗ ಬರ್ಲಿ?"

"ಊಬರ್ ತಗೊಳ್ಳಿ."

"ಉಳದ ಐದ ಮನಿಗೆ?"

ಅವನು ಹೆಂಡತಿಯ ಮುಖ ನೋಡಿದ. ಜಯರಾಮ್ ಮುಂದೆ ಬಂದ. ಅವನ ದನಿಯಲ್ಲಿ ನಿಜವಾದ ಕರುಣೆ ಇತ್ತು.

"ಅಮ್ಮಾ, ಕೇಳಿ. ಧಾರೆ ಎರೆದಾಗಿದೆ. ವಾಪಸ್ ತಗೊಂಡ್ರೆ ಪಾಪ ನಿಮಗೇ ಬರೋದು, ಕಾರು ನಿಮ್ಮ ಹೆಸರಲ್ಲಿದೆ ನೋಡಿ. ಆದ್ರೆ ದಾರಿ ಇದೆ. ನಮ್ಮ ಯೋಜನೆ ಇರೋದೇ ಕಾರಿಲ್ಲದ ದುಡಿಯೋ ಹೆಂಗಸರಿಗೆ. ಈಗ ಕಾರಿದೆ, ನಿಮಗೆ ಎಲಿಜಿಬಿಲಿಟಿ ಇಲ್ಲ. ಸೈನ್ ಹಾಕಿದ್ರಿ ಅನ್ನಿ, ತಕ್ಷಣ ಬಂತು! ಫಾರ್ಮು ನಾನೇ ತುಂಬಿಸ್ತೀನಿ."

"ಆಮ್ಯಾಲೆ?"

"ವೇಟಿಂಗ್ ಲಿಸ್ಟು. ಎರಡು ವರ್ಷ ಅಂದ್ಕೊಳ್ಳಿ. ಅದೃಷ್ಟ ಇದ್ರೆ ಇದೇ ಕಾರೇ ಬರಬಹುದು."

ಕೆಲವರು ತಲೆದೂಗಿದರು. ಒಬ್ಬರು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದು ನೋಡಿ ನಿಲ್ಲಿಸಿದರು.

"ಅಂದ್ರ," ಕಮಲವ್ವ ನಿಧಾನವಾಗಿ ಹೇಳಿದಳು, "ನನ್ ಗಾಡಿ ನನ್ನಿಂದ ಕಸಗೊಂಡು, ಗಾಡಿ ಇಲ್ಲದಾಕಿನ್ನ ಮಾಡಿ, ಗಾಡಿ ಇಲ್ಲದಾಕಿ ಪಾಪ ಅಂತ ನನಗ ಕೊಡಾವ್ರು. ಪ್ಯಾಟಾ ನಿಮಗ."

"ಮನೆಯವರ ಹಾಗೆ ನೋಡ್ಕೊಂಡ್ವಿ ನಿಮ್ಮನ್ನ," ನಿರುಪಮಾಳ ಕಣ್ಣು ತುಂಬಿತು. "ಎಲ್ಲರ ಮುಂದೆ ಹೀಗಾ ಮಾತಾಡೋದು?"

"ಮನ್ಯಾಗಿನವ್ರ ಸೈನ್ ಹಿಂಗ ಹಾಕ್ತೀರೇನ್ರಿ ಅಕ್ಕಾರ ನೀವು?"

ದ್ವಾರಕಾನಾಥ ದನಿ ತಗ್ಗಿಸಿದ. "ನಾಳೆಯಿಂದ ನಮ್ಮನೆಗೆ ಬರಬೇಕೋ ಬೇಡವೋ ಯೋಚನೆ ಮಾಡಿ. ಉಳಿದ ಐದು ಮನೆಯವರೂ ಇಲ್ಲೇ ನಿಂತಿದಾರೆ."

ಅವರು ನಿಂತಿದ್ದರು. ಕಮಲವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಐವರೂ ಫೋನು ನೋಡತೊಡಗಿದರು.

ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಪೆನ್ನಿಗೆ ಕೈ ಚಾಚುತ್ತಾಳೆಂದು ದ್ವಾರಕಾನಾಥ ಒಂದು ಹೆಜ್ಜೆ ಮುಂದೆ ಬಂದ. ಅವಳು ಅವನನ್ನು ದಾಟಿ ಹೋಗಿ ಕಾರಿನ ಬಾಗಿಲು ತೆಗೆದಳು. ಕಾರಿನ ತಳ ಎತ್ತರದಲ್ಲಿತ್ತು. ಸೀರೆ ಎತ್ತಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ಎರಡನೇ ಪ್ರಯತ್ನಕ್ಕೆ ಹತ್ತಿ ಕೂತಳು. ಕಾರು ಹಿಂದಕ್ಕೆ ವಾಲಿದ್ದರಿಂದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದವಳಂತೆ ಕಾಣುತ್ತಿದ್ದಳು. ಬೆಲ್ಟ್ ಎಳೆದು ಹಾಕಿಕೊಂಡಳು.

"ಟೋ ಮಾಡಿ, ಹೊರಡಿ!" ದ್ವಾರಕಾನಾಥ ಟ್ರಕ್ಕಿನವನಿಗೆ ಕಿರುಚಿದ.

"ಒಳಗೆ ಮನುಷ್ಯರಿದ್ದರೆ ಎಳೆಯೋ ಹಾಗಿಲ್ಲ ಸರ್," ಎಂದು ಅವನು ಟ್ರಕ್ಕಿಗೆ ಒರಗಿ ನಿಂತ. "ಅಂದಹಾಗೆ ನೀವು ಯಾರು?"

ಸಭಾಭವನದೊಳಗಿಂದ ಹೆಂಚಿನ ಮೇಲಿನ ಹೋಳಿಗೆ ಸೀದ ವಾಸನೆ ಬರತೊಡಗಿತು. ಇನ್ನೂರು ಜನ ಒಮ್ಮೆ ಅಡುಗೆಮನೆಯ ಕಡೆಗೆ, ಒಮ್ಮೆ ಕಾರಿನ ಕಡೆಗೆ ನೋಡಿದರು. ಮೊದಲು ಜಯರಾಮ್, ಆಮೇಲೆ ನಿರುಪಮಾ, ಆಮೇಲೆ ಐದೂ ಮನೆಯವರು ಕಿಟಕಿಯ ಕೆಳಗೆ ಬಂದು ನಿಂತು, ಇಳಿಯಿರಿ, ಒಳಗೆ ಕೂತು ಮಾತಾಡೋಣ ಎಂದರು. ಕಡೆಗೆ ದ್ವಾರಕಾನಾಥ ಬಂದು ಗಾಜಿಗೆ ಬಡಿದ.

"ಇಳೀರಿ ಕಮಲವ್ವ. ನಾನು ಹೇಳ್ತಾ ಇದೀನಿ."

ಅವಳು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದಳು.

"ಇಳಿಯಂಗಿಲ್ಲ," ಎಂದಳು.