ಸಾಯುವ ಕೂಲಿ

"ಏ ಮುಂಡೆ, ಸಾಯೋದಕ್ಕೂ ಬರಲ್ವೇನೇ ನಿಂಗೆ? ಮನುಷ್ಯರು ಸತ್ತಂಗೆ ಸಾಯಿ ಅಂದ್ರೆ ಮೆಷಿನ್ ಸತ್ತಂಗೆ ಸಾಯ್ತೀಯಲ್ಲೇ!"

ಮ್ಯಾನೇಜರನ ಕೂಗಿಗೆ ತಗಡಿನ ಶೆಡ್ಡಿನಲ್ಲಿದ್ದವರೆಲ್ಲ ತಲೆ ಬಗ್ಗಿಸಿದರು. ಬೈಸಿಕೊಂಡವಳು ಟೈಲರಕ್ಕ. ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವಳು. ಇಲ್ಲಿನ ಕೂಲಿಯೋ, ಕೇಳಿದರೆ ನಗಬೇಕು: ಆನ್‌ಲೈನ್ ಯುದ್ಧದಾಟದಲ್ಲಿ ಶತ್ರುವಾಗಿ ನಿಂತು ಸಾಯುವುದು. ದುಡ್ಡು ಕೊಟ್ಟು ಆಡುವ ದೊಡ್ಡವರ ಮಕ್ಕಳಿಗೆ ಗೆದ್ದ ಸುಖ ಬೇಕಲ್ಲ, ಅದಕ್ಕೆ ಇವರು ಸೋಲಬೇಕು. ಲ್ಯಾಪ್‌ಟಾಪೂ ಕೂಲಿಯವರದೇ. ಕತ್ತಿ ನೀವೇ ತನ್ನಿ, ಕತ್ತು ನೀವೇ ಚಾಚಿ ಅಂದ ಹಾಗೆ.

ಆ ಲ್ಯಾಪ್‌ಟಾಪಿನೊಳಗೆ ಕಂಪನಿಯವರು ಮೋಸ ಹಿಡಿಯುವ ಕಾವಲು ಸಾಫ್ಟ್‌ವೇರ್ ಹಾಕಿದ್ದರು. ಕೂಲಿಯವರು ಅದಕ್ಕಿಟ್ಟ ಹೆಸರು 'ಅತ್ತೆ'. ಎಲ್ಲರಿಗಿಂತ ಮೊದಲು ಏಳುತ್ತಾಳೆ, ಎಲ್ಲರೂ ಮಲಗಿದರೂ ಕಣ್ಣು ಮುಚ್ಚುವುದಿಲ್ಲ, ಸೊಸೆಯ ಟ್ರಂಕಿಗೂ ಕೈ ಹಾಕುತ್ತಾಳೆ. ಅವಳನ್ನು ಹೊರಗೆ ಹಾಕಿದರೆ ಕೆಲಸವೂ ಹೋಗುತ್ತದೆ.

ವರ್ಷಗಟ್ಟಲೆ ಒಂದೇ ಅಳತೆಯ ಹೊಲಿಗೆ ಹಾಕಿದ ಬೆರಳು ಟೈಲರಕ್ಕನವು. ಕೀಬೋರ್ಡಿನ ಕೀಲಿಗಳ ಮೇಲೂ ಒಂದೇ ತಾಳದಲ್ಲಿ ಬೀಳುತ್ತಿದ್ದವು. ಇದು ಮನುಷ್ಯರ ಕೈಯಲ್ಲ, ಯಾವುದೋ ಕಳ್ಳ ಪ್ರೋಗ್ರಾಂ ಎಂದು ಅತ್ತೆ ಚಾಡಿ ಹೇಳಿದ್ದಳು.

"ನನ್ನ ಕೈಯೇ ಹಂಗೆ ಸಾರ್. ಬೇಕಾದ್ರೆ ಪಕ್ಕ ನಿಂತು ನೋಡಿ."

"ನಿನ್ನ ಪಕ್ಕ ನಿಲ್ಲೋಕೆ ನಂಗೇನು ಗ್ರಹಚಾರ? ಏನು ಬಚ್ಚಿಟ್ಟಿದೀಯ ಅಂತ ಅತ್ತೆ ಎಲ್ಲಾ ಕಳಿಸಿದಾಳೆ, ತಡಿ."

ಗೋಡೆಯ ದೊಡ್ಡ ಪರದೆಯ ಮೇಲೆ ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆರೆದ. ಮಗಳ ಶಾಲೆಯ ಪಾಠ. ಅಪ್ಪನ ಎಕ್ಸ್‌ರೇ. ಆಮೇಲೆ ಒಂದು ಬರಿಬೆನ್ನು, ಮೇಲೆಲ್ಲ ಬೆಲ್ಟಿನ ಬಾಸುಂಡೆ. ಇನ್ನೊಂದರಲ್ಲಿ ಎದೆಯ ಹತ್ತಿರ ಸುಟ್ಟ ಗಾಯ.

ಟೈಲರಕ್ಕನ ತಂಗಿ. ಗಂಡನ ಹೊಡೆತ ತಾಳಲಾರದೆ ಅಕ್ಕನ ಮನೆ ಸೇರಿದ್ದಳು. ಅವಳ ಫೋನನ್ನು ಗಂಡ ಒಡೆದು ಹಾಕಿದ್ದ. ಕೋರ್ಟಿಗೆ ತೋರಿಸಲು ಅಕ್ಕ ಈ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲೇ ತೆಗೆದ ಫೋಟೋ ಇದ್ದದ್ದು ಇದರಲ್ಲಿ ಮಾತ್ರ. ಸೋಮವಾರ ವಿಚಾರಣೆ.

"ಓಹೋ, ಇದ್ಯಾವ ವ್ಯಾಪಾರನೇ ಮನೇಲಿ?" ಮ್ಯಾನೇಜರ್ ಚಿತ್ರ ದೊಡ್ಡದು ಮಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಆಫ್ ಮಾಡಿ ಸಾರ್, ಹೆಣ್ಮಗು ಅದು," ಎಂದು ಗಡ್ಡದವನೊಬ್ಬ ಎದ್ದ.

"ನಿನ್ನ ಟ್ರಂಕೂ ತೆಗೀಲೇನೋ?"

ಗಡ್ಡದವನು ಕೂತುಬಿಟ್ಟ.

"ತೆಗಿಯೋ ಅದನ್ನ, ಬೋಳಿಮಗನೇ! ನನ್ನ ತಂಗಿ ಕಣೋ ಅವಳು!"

ಟೈಲರಕ್ಕ ಕೂಗುತ್ತಲೇ ಎದ್ದಳು. ಲ್ಯಾಪ್‌ಟಾಪು ಕಿತ್ತುಕೊಂಡು ಹೊರಗೆ ಓಡಿದವಳೇ ಬಾಗಿಲ ಬಳಿಯ ನೀರಿನ ಡ್ರಮ್ಮಿಗೆ ಅದುಮಿದಳು. ಗುಳ್ಳೆ ನಿಲ್ಲುವವರೆಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. "ಸಾಯೇ ಅತ್ತೆಮುಂಡೆ, ಸಾಯಿ!"

ಮ್ಯಾನೇಜರ್ ನಿಧಾನವಾಗಿ ಹೊರಗೆ ಬಂದ. "ಅಯ್ಯೋ ದಡ್ಡಿ! ಮುಳುಗಿದ್ದು ನಿನ್ನ ಡಬ್ಬ. ಫೋಟೋ ಕಂಪನಿ ಹತ್ರ ಬೆಚ್ಚಗಿದೆ."

ಅವಳು ಲ್ಯಾಪ್‌ಟಾಪನ್ನು ನೀರಿನಿಂದ ಮೇಲೆತ್ತಿದಳು. ತಂಗಿಯ ಬೆನ್ನಿನ ಬಾಸುಂಡೆಯೂ ಎದೆಯ ಗಾಯವೂ ಮಾಯ್ದು ಎಷ್ಟೋ ದಿನವಾಗಿತ್ತು. ಇನ್ನು ಸೋಮವಾರ ಜಡ್ಜಿಗೆ ತೋರಿಸಲು ಏನಿದೆ? ಅಯ್ಯೋ, ತನ್ನ ಕೈಯಾರೆ ತಾನೇ ಮುಳುಗಿಸಿದಳಲ್ಲ!

"ಕೊಡು," ಎಂದಳು.

"ಏನು?"

"ನನ್ನ ತಂಗಿ ಗಾಯ ಕೊಡು."

"ಅದು ಕಂಪನಿ ಡೇಟಾ. ಹೊರಗಿನವರಿಗೆ ಕೊಡಕ್ಕೆ ಬರಲ್ಲ. ನೀನೀಗ ಹೊರಗಿನೋಳು, ನಡಿ."

ಟೈಲರಕ್ಕ ನಡೆಯಲಿಲ್ಲ. ಶೆಡ್ಡಿನ ಹೊಸ್ತಿಲಿಗೆ ಅಡ್ಡಲಾಗಿ, ಒದ್ದೆ ಸೀರೆಯಲ್ಲೇ, ಉದ್ದಕ್ಕೆ ಮಲಗಿದಳು.

"ತುಳ್ಕೊಂಡು ಹೋಗು. ಕೊಡೋವರೆಗೂ ಏಳಲ್ಲ."

ಒಳಗೆ ಗಡ್ಡದವನು ಕೆಲಸ ನಿಲ್ಲಿಸಿ ಕೀಲಿಗಳಿಂದ ಕೈ ತೆಗೆದ. ಮ್ಯಾನೇಜರ್ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ ಅವಳ ಮೈಮೇಲೆ ಬೂಟುಗಾಲು ಎತ್ತಿದ.