ಉಜ್ಮಾ ಪಾಟಿ ಮುಟ್ಟಲಿಲ್ಲ

ಕಲ್ಲಿನ ಪಾಟಿಯ ಮೇಲೆ ಬಳಪದಿಂದ ತಿದ್ದದೆ ಅಕ್ಷರ ಬರುವುದಿಲ್ಲ ಎಂಬುದು ನನ್ನ ಹಟ. ಗೋವಾದ ವಾಸ್ಕೋದಲ್ಲಿ ಬಂದರಿಗೆ ಹೋಗುವ ರಸ್ತೆಯ ಪಕ್ಕ, ತಗಡಿನ ಸೂರಿನ ಒಂದು ಕೋಣೆಯಲ್ಲಿ ಹದಿನಾರು ವರ್ಷದಿಂದ ಕನ್ನಡ ಬಾಲವಾಡಿ ನಡೆಸುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಇವರು. ಕೊಂಕಣಿಯಲ್ಲಿ ಜಗಳವಾಡುತ್ತಾರೆ, ಹಿಂದಿಯಲ್ಲಿ ಚಾಡಿ ಹೇಳುತ್ತಾರೆ, ಕನ್ನಡದಲ್ಲಿ ಅಳುತ್ತಾರೆ. ಲಾಲಿಬಾಯಿ ಟೀಚರ್ ಬಲು ಸಿಟ್ಟಿನವಳು ಎಂದು ಓಣಿಯಲ್ಲೆಲ್ಲ ಮಾತಿದೆ. ಮಾತು ಸುಳ್ಳಲ್ಲ.

ಆ ಸಿಟ್ಟಿಗೆ ಮಣಿಯದವಳು ಐದು ವರ್ಷದ ಉಜ್ಮಾ ಒಬ್ಬಳೇ. ಪಾಟಿ ಕೊಟ್ಟರೆ ನೆಲದ ಮೇಲೆ ಕವುಚಿ ಹಾಕಿ ಅದರ ಮೇಲೆ ಕೂರುತ್ತಿದ್ದಳು. ಬಳಪ ಕೊಟ್ಟರೆ ಪಕ್ಕದವಳಿಗೆ ದಾನ. ಗದರಿಸಿದರೆ ಬಾಯಿ ಬಿಡದೆ, ಮೂಗುತಿ ಎಲ್ಲಿ ಮಾಡಿಸಿದಿರಿ ಎಂದು ಕೇಳುವವಳ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಜೂನ್‌ನಿಂದ ದೀಪಾವಳಿಯವರೆಗೆ ಒಂದು ಗೆರೆ ಎಳೆಯಲಿಲ್ಲ.

ದೀಪಾವಳಿ ಮುಗಿದ ಸೋಮವಾರ ಅವಳಪ್ಪ ದಾವಲಮಲಿಕ ಬಂದ. ಬಂದರಿನಲ್ಲಿ ಅದಿರು ತುಂಬುವ ಕೆಲಸದ ಆರಡಿ ಆಳು, ನಮ್ಮ ಬಾಗಿಲಲ್ಲಿ ಬಗ್ಗಿ ಬರಬೇಕು. ಅವನ ಹಿಂದೆ ಹೆಂಡತಿ ಜೈನಬ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣುಗಳು ಊದಿದ್ದವು.

“ಟೀಚರ, ಇಕಿಗೆ ಅಕ್ಷರ ಹತ್ತೂದಿಲ್ರಿ. ಶುಕ್ರವಾರ ರೈಲಿಗೆ ಸಿಂದಗಿಗೆ ಕರಕೊಂಡ ಹೊಂಟೇನಿ. ನಮ್ಮವ್ವನ ಹಂತ್ಯಾಕ ಇರ್ಲಿ. ಆಡ ಕಾಯ್ಕೊಂತ ಬೆಳೀತಾಳ.”

“ಐದ ವರ್ಷದ ಕೂಸಿನ್ನ ತಾಯಿಂದ ಬಿಡಸ್ತೀರೇನ್ರಿ?” ಎಂದು ನಾನು ಏರಿಹೋದೆ. “ಗುರುವಾರ ಬರ್ರಿ. ಅ ದಿಂದ ಅಃ ತನಕಾ ಬರಸಿ ತೋರಸ್ತೇನಿ.”

“ಬರದ್ರ ಇರ್ತಾಳ. ಬರೀಲಿಲ್ಲಂದ್ರ ಮತ್ತ ನೀವು ಮಾತಾಡಂಗಿಲ್ಲ ನೋಡ್ರಿ.”

ಹೂಂ ಎಂದುಬಿಟ್ಟೆ. ಸಿಟ್ಟು ಇಳಿದ ಮೇಲೆ ಉಪಾಯ ಹುಡುಕತೊಡಗಿದೆ. ಉಜ್ಮಾಗೆ ಚಾಕಲೇಟು ತೋರಿಸಿದೆ, ತಿಂದಳು, ಬರೆಯಲಿಲ್ಲ. ಕೈ ಹಿಡಿದು ತಿದ್ದಿಸಹೋದೆ, ಕಾದ ಹಂಚು ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ನಾನು ಪಾಟಿ ಬದಲಿಸಿದೆ, ಬಳಪ ಬದಲಿಸಿದೆ, ಅವಳು ಕೂರುವ ದಿಕ್ಕನ್ನೂ ಬದಲಿಸಿದೆ. ಬುಧವಾರದ ಹೊತ್ತಿಗೆ ನನಗೇ ಅಳು ಬರುತ್ತಿತ್ತು.

ಗುರುವಾರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಶಫೀಸಾಬರು ಬೆಂಕಿಯಾಗಿ ನಿಂತಿದ್ದರು. ಅವರ ಟೆಂಪೋ ರಿಪೇರಿಗಾಗಿ ನಾಲ್ಕು ದಿನದಿಂದ ನಮ್ಮ ಬಾಲವಾಡಿಯ ಹಿಂದೆಯೇ ನಿಂತಿತ್ತು; ರಿಪೇರಿ ಹಿಂದಿನ ರಾತ್ರಿಯಷ್ಟೇ ಮುಗಿದಿತ್ತು. ಅದಿರಿನ ಲಾರಿಗಳು ಓಡಾಡುವ ರಸ್ತೆ. ಬಿಳಿ ಟೆಂಪೋ ಕೆಂಪಾಗಿತ್ತು.

“ನೋಡ್ರಿ ನಿಮ್ಮ ಸಾಲಿ ಪ್ರತಾಪ!”

ನೋಡಿದೆ. ಟೆಂಪೋದ ಮೈತುಂಬ ಧೂಳಿನಲ್ಲಿ ಬೆರಳಾಡಿಸಿ ಬರೆದ ಅಕ್ಷರಗಳು. ಎಡಗಡೆ ಅ ದಿಂದ ಅಃ, ಬಲಗಡೆ ಅ ದಿಂದ ಅಃ, ಹಿಂದಿನ ಬಾಗಿಲ ಮೇಲೆ ಮತ್ತೊಮ್ಮೆ.

“ಇವತ್ತ ಸಂಜಿಕಿ ಮದುವಿ ಬಾಡಗಿ ಐತ್ರಿ. ಬೀಗರನ್ನ ಅ ಆ ಇ ಈ ಒಳಗ ತುಂಬಕೊಂಡ ಹೋಗ್ಲೇನು?”

ನನ್ನ ಕಿವಿಗೆ ಅದು ಬೀಳಲಿಲ್ಲ. ಎಷ್ಟು ದುಂಡಗಿದ್ದವು ಅಕ್ಷರಗಳು! ನನ್ನ ಜಾಣ ಮಕ್ಕಳೂ ಎಡವುವ ಋ ಅಚ್ಚುಕಟ್ಟಾಗಿ ಬಂದಿತ್ತು. ಐ ಮಾತ್ರ ಸ್ವಲ್ಪ ವಾಲಿತ್ತು. ಕೈಯ ಚಟ ನೋಡಿ, ನನ್ನ ಬೆರಳು ತಾನಾಗಿಯೇ ಹೋಗಿ ಅದನ್ನು ತಿದ್ದಿತು.

“ಏ ಟೀಚರ, ನೀವೂ ಬರ್ಯಾಕ ಹತ್ತಿದ್ರಿ?” ಎಂದು ಶಫೀಸಾಬರು ಕಿರುಚಿದರು.

ಮಕ್ಕಳು ಬಂದ ಮೇಲೆ ಸಾಲಾಗಿ ನಿಲ್ಲಿಸಿ ಕೈ ನೋಡಿದೆ. ಕೆಂಪು ಬೆರಳು ಒಂದೇ ಇತ್ತು, ಉಜ್ಮಾಳದು. ಬೈಯುತ್ತೇನೆಂದು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ಪಾಟಿ ಮ್ಯಾಲ ಯಾಕ ಬರೀಲಿಲ್ಲ ನಮ್ಮವ್ವ?”

ಅವಳು ಎರಡೂ ಕಿವಿ ಮುಚ್ಚಿಕೊಂಡಳು. “ಅದು ಕಿರ್ರ್ ಅಂತೈತ್ರಿ. ಹಲ್ಲಿನ್ಯಾಗ ಹೋಗತೈತಿ.”

ಅಷ್ಟೇ! ಇಪ್ಪತ್ತು ಮಕ್ಕಳು ಒಟ್ಟಿಗೆ ಬಳಪ ಗೀಚುವ ಸದ್ದು ನನಗೆ ಸಂಗೀತ. ಆ ಕೂಸಿಗೆ ದಿನಾ ಹಲ್ಲುನೋವು. ಯಾಕೆ ಬರೆಯುವುದಿಲ್ಲ ಎಂದು ಐದು ತಿಂಗಳಲ್ಲಿ ಸಾವಿರ ಸಲ ಗದರಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ದಾವಲಮಲಿಕನಿಗೆ ಫೋನ್ ಮಾಡಿದೆ. ಪಾಳಿ ಮುಗಿಸಿ ಎರಡಕ್ಕೆ ಬರುತ್ತೇನೆ ಎಂದ. ಎರಡರವರೆಗೆ ಟೆಂಪೋ ತೊಳೆಯಬೇಡಿ ಎಂದು ಶಫೀಸಾಬರ ಕೈಕಾಲು ಹಿಡಿದೆ. ಅವರು ಒಪ್ಪಿದರು. ಎರಡಾಯಿತು, ದಾವಲಮಲಿಕ ಬರಲಿಲ್ಲ. ಎರಡು ಗಂಟೆ ಒಂದು ನಿಮಿಷಕ್ಕೆ ಶಫೀಸಾಬರು ಟೆಂಪೋ ಮೇಲೆ ಪೈಪಿನ ನೀರು ಬಿಟ್ಟರು. ಮಾತಿಗೆ ತಪ್ಪದ ಮನುಷ್ಯರನ್ನು ಕಂಡರೆ ನನಗೆ ಅವತ್ತಿನಿಂದ ಆಗಿಬರುವುದಿಲ್ಲ.

ಎರಡೂವರೆಗೆ ದಾವಲಮಲಿಕ ಜೈನಬಳನ್ನೂ ಕರೆದುಕೊಂಡು ಬಂದಾಗ ಟೆಂಪೋ ಫಳಫಳ ಹೊಳೆಯುತ್ತಿತ್ತು. ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದೆ.

“ಫೋಟೋದಾಗ ಯಾರ ಬರದಾರಂತ ಹ್ಯಾಂಗ ಗೊತ್ತಾಗಬೇಕ್ರಿ? ಬಿಡ್ರಿ ಟೀಚರ, ನಿಮ್ಮ ಕಳಕಳಿ ತಿಳೀತೈತಿ. ನಾಳಿ ಹೋಗತೇವಿ” ಎಂದು ಹೊರಗೆ ಬಿಟ್ಟಿದ್ದ ಗಮ್‌ಬೂಟು ಹಾಕಿಕೊಳ್ಳಲು ಹೊಸ್ತಿಲ ಮೇಲೆ ನಮಗೆ ಬೆನ್ನು ಮಾಡಿ ಕೂತ. ಜೈನಬ ಗೋಡೆಗೆ ಮುಖ ಮಾಡಿದಳು.

ಉಜ್ಮಾ ಎದ್ದು ಅವನ ಹಿಂದೆ ಹೋಗಿ ನಿಂತಳು. ಅಪ್ಪನ ನೀಲಿ ಅಂಗಿ ಅದಿರಿನ ಧೂಳಿನಲ್ಲಿ ಪೂರಾ ಕೆಂಪಾಗಿತ್ತು. ಎಡಭುಜದ ಕೆಳಗೆ ಬೆರಳಿಟ್ಟು ಅ ಬರೆದಳು.

“ಏ, ಏನ ಮಾಡಾಕತ್ತಿ?”

“ಅಬ್ಬಾ, ಅಲುಗಾಡಬ್ಯಾಡ,” ಎಂದು ಅಪ್ಪನನ್ನೇ ಗದರಿದಳು.

ಅವನು ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತ. ಎರಡನೆಯ ಸಾಲು ಪಕ್ಕೆಯ ಹತ್ತಿರ ಬಂದಾಗ ಕಚಗುಳಿಯಾಗಿ ಆರಡಿ ಆಳು ಹಿಹಿಹಿ ಎಂದು ಸುರುಳಿ ಸುತ್ತಿದ. ಬೂಟು ಉರುಳಿ ಹೋಯಿತು.

“ಪಾಟಿ ನಗಬಾರ್ದು,” ಎಂದಳು ಉಜ್ಮಾ, ಥೇಟ್ ನನ್ನ ದನಿಯಲ್ಲಿ.

ಸೊಂಟದ ಹತ್ತಿರ ಅಃ ಮುಗಿಯಿತು. ಬೆನ್ನು ಅವನಿಗೆ ಕಾಣುವುದಿಲ್ಲ, ನನ್ನ ಮಾತಿನ ಮೇಲೆ ನಂಬಿಕೆಯಿಲ್ಲ. “ಶಫೀಸಾಬರ, ನೀವ ಓದ್ರಿ,” ಎಂದು ಕೂಗಿದ. ಅವರು ಒದ್ದೆ ಕೈಯಲ್ಲೇ ಬಂದು ಗಟ್ಟಿಯಾಗಿ ಓದಿದರು. ಮಕ್ಕಳೆಲ್ಲ ಅವರ ಹಿಂದೆ ಕೂಗಿದರು. ಅಃ ಎಂದ ಮೇಲೆ ದಾವಲಮಲಿಕನ ಬೆನ್ನು ಕುಲುಕುತ್ತಿತ್ತು. ಇನ್ನೂ ಕಚಗುಳಿ ಎಂದುಕೊಂಡೆ. ಅಲ್ಲ, ಅವನು ಅಳುತ್ತಿದ್ದ.

“ಇನ್ನ ಎಷ್ಟ ಅಕ್ಷರ ಅದಾವ್ರಿ, ಟೀಚರ?”

“ಮೂವತ್ನಾಕು.”

ಅವನು ತೋಳಿನಿಂದ ಮುಖ ಒರೆಸಿಕೊಂಡು ಜೈನಬಳ ಕಡೆ ತಿರುಗಿದ.

“ಇಕಿನ್ನ ಸಿಂದಗಿಗೆ ಹ್ಯಾಂಗ ಕಳಸೂದ? ನಮ್ಮವ್ವನ ಬೆನ್ನ ಭಾಳ ಸಣ್ಣದೈತಿ.”